ಬೆಕ್ಕಿಗೆ ಶಿಕ್ಷೆಯೋ ಶಿಕ್ಷಣವೋ?

‘ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಗಾದೆಯನ್ನು ನಾವು ಅತ್ತೆಯ ಕಡೆಯಿಂದ ನೋಡುತ್ತೇವೆ, ಇಲ್ಲವೆ ಸೊಸೆಯ ಕಡೆಯಿಂದ ನೋಡುತ್ತೇವೆ. ಕೊತ್ತಿಯ ಕಡೆಯಿಂದ ನೋಡಿದವರು ವಿರಳ. ಅತ್ತೆ ಏನೆಂದಳೋ, ಸೊಸೆಗೆ ಏಕೆ ನೊಂದಿತೋ ಕೊತ್ತಿಗೆ ತಿಳಿಯದು. ಅದಕ್ಕೆ ತಿಳಿದದ್ದು ಇಷ್ಟೆ: ಒಲೆಯ ಬದಿಯಲ್ಲಿ ಬೆಚ್ಚಗೆ ಮಲಗಿದ್ದಾಗ ಒಂದು ಸೌಟು ಹಾರಿ ಬಂದಿತು, ಬಂದದ್ದು ದಿನವೂ ಅನ್ನ ಹಾಕುವ ಕೈಯಿಂದಲೇ. ಮರುದಿನ ಸೊಸೆಯ ಕೋಪ ಇಳಿದಿರುತ್ತದೆ, ‘ಬಾ ಬಾ’ ಎಂದು ಅಕ್ಕರೆಯಿಂದ ಕರೆಯುತ್ತಾಳೆ. ಕೊತ್ತಿ ಅಟ್ಟದಿಂದ ಇಳಿಯುವುದಿಲ್ಲ. ‘ಎಷ್ಟು ಹಾಲೆರೆದರೇನು, ಉಪಕಾರಸ್ಮರಣೆಯಿಲ್ಲದ ಪ್ರಾಣಿ’ ಎಂಬ ತೀರ್ಪು ಆಗ ಹೊರಬೀಳುತ್ತದೆ.

ಬೆಕ್ಕನ್ನು ಸಾಕಿದವರೆಲ್ಲ ಒಂದಲ್ಲ ಒಂದು ದಿನ ಎರಡು ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ. ಹಾಲಿಗೆ ಬಾಯಿ ಹಾಕುವ, ಕುರ್ಚಿಯ ಬಟ್ಟೆಯನ್ನು ಪರಚುವ, ಮಂಚದ ಮೂಲೆಯಲ್ಲಿ ಹೊಲಸು ಮಾಡುವ ಬೆಕ್ಕನ್ನು ತಿದ್ದುವುದು ಹೇಗೆ ಎಂಬುದು ಮೊದಲನೆಯದು. ತಿದ್ದಲು ಹೋಗಿ ಹೊಡೆದು, ಬೈದು, ಅದರ ವಿಶ್ವಾಸವನ್ನು ಕಳೆದುಕೊಂಡ ಮೇಲೆ ಮತ್ತೆ ಗಳಿಸುವುದು ಹೇಗೆ ಎಂಬುದು ಎರಡನೆಯದು. ಇವು ಮೇಲ್ನೋಟಕ್ಕೆ ಮನೆವಾರ್ತೆಯ ಸಣ್ಣ ಪ್ರಶ್ನೆಗಳೆಂದು ತೋರಬಹುದು. ಆದರೆ ಉತ್ತರ ತಪ್ಪಿದರೆ ಬೆಕ್ಕಿನ ಪಾಲಿಗೆ ಪರಿಣಾಮ ಸಣ್ಣದಲ್ಲ. ಹೊಡೆತ ತಿಂದ ಬೆಕ್ಕು ಅಂಜುತ್ತದೆ. ಅಂಜಿದ ಬೆಕ್ಕು ಕಂಡಕಂಡಲ್ಲಿ ಹೊಲಸು ಮಾಡುತ್ತದೆ, ಮುಟ್ಟಿದರೆ ಪರಚುತ್ತದೆ. ಪರಚಿದ್ದಕ್ಕೆ ಮತ್ತೆ ಹೊಡೆತ ಬೀಳುತ್ತದೆ. ಈ ಸರಪಣಿಯ ಕಡೆಯ ಕೊಂಡಿ ಯಾವುದೆಂಬುದು ನಿಮಗೆ ಗೊತ್ತು. ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಊರಾಚೆಯ ಸಂತೆಮಾಳದಲ್ಲೋ ಕೆರೆಯ ಏರಿಯ ಮೇಲೋ ಬಿಟ್ಟುಬರುವುದು. ಮನೆಯ ಬೆಚ್ಚನೆಯಲ್ಲಿ ಬೆಳೆದ ಜೀವ ಬೀದಿನಾಯಿಗಳ ನಡುವೆ ಎಷ್ಟು ದಿನ ಬದುಕೀತು?

ಇಲ್ಲಿ ‘ಶಿಕ್ಷೆ’ ಎಂಬ ಶಬ್ದದ ಚರಿತ್ರೆಯನ್ನು ಒಂದಿಷ್ಟು ನೆನೆಯುವುದು ಉಚಿತ. ಕನ್ನಡ ಪಾಠ ಹೇಳಿ ಬದುಕಿದವನಿಗೆ ಶಬ್ದದ ಬಾಗಿಲಿನಿಂದಲೇ ವಿಷಯದೊಳಕ್ಕೆ ಹೋಗುವ ಚಾಳಿ ಬಿಡುವುದಿಲ್ಲ. ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ವೇದಾಂಗಗಳು ಆರರಲ್ಲಿ ಉಚ್ಚಾರಣಶಾಸ್ತ್ರಕ್ಕೆ ಶಿಕ್ಷಾ ಎಂದೇ ಹೆಸರು. ತೈತ್ತಿರೀಯೋಪನಿಷತ್ತಿನ ಮೊದಲ ಭಾಗ ಶೀಕ್ಷಾವಲ್ಲಿ. ಶಕ್ತಿಯನ್ನು, ಸಾಮರ್ಥ್ಯವನ್ನು ಸೂಚಿಸುವ ‘ಶಕ್’ ಧಾತುವಿನಿಂದ ಹುಟ್ಟಿದ ಈ ಮಾತಿನಲ್ಲಿ ‘ಬಲ್ಲವನಾಗಬೇಕು’ ಎಂಬ ಬಯಕೆಯ ಅರ್ಥ ಅಡಗಿದೆ. ಅದೇ ಶಬ್ದ ನಮ್ಮ ಆಡುಮಾತಿಗೆ ಇಳಿದ ಮೇಲೆ ಛಡಿಯೇಟಿಗೂ ಸೆರೆವಾಸಕ್ಕೂ ಹೆಸರಾಯಿತು; ಕಲಿಸುವ ಕೆಲಸವನ್ನು ಅದರ ಒಡಹುಟ್ಟಾದ ‘ಶಿಕ್ಷಣ’ ವಹಿಸಿಕೊಂಡಿತು. ಹೊಡೆದರೆ ಕಲಿತಾರು ಎಂಬ ನಮ್ಮ ಹಳೆಯ ನಂಬಿಕೆಗೆ ಈ ಅರ್ಥಪಲ್ಲಟವೇ ಸಾಕ್ಷಿಯೆನ್ನಬಹುದೇನೋ. ಮನುಷ್ಯರ ವಿಷಯದಲ್ಲಿ ಈ ನಂಬಿಕೆ ಎಷ್ಟು ದಿಟ ಎಂಬ ಚರ್ಚೆ ಇಲ್ಲಿ ಬೇಡ. ಬೆಕ್ಕಿನ ವಿಷಯದಲ್ಲಿ ಅದು ಪೂರ್ತಿ ಹುಸಿ ಎಂಬುದೇ ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಏಕೆ ಹುಸಿ ಎಂದು ತಿಳಿಯಬೇಕಾದರೆ ಬೆಕ್ಕು ನಮ್ಮ ಮನೆಗೆ ಬಂದ ಬಗೆಯನ್ನು ನೋಡಬೇಕು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೋಸ್ ಎಂಬಲ್ಲಿ ದೊರೆತ ಸಮಾಧಿಯೊಂದರ ವಿವರಗಳನ್ನು ಫ್ರಾನ್ಸಿನ ಪುರಾತತ್ತ್ವಜ್ಞರು 2004ರಲ್ಲಿ ಪ್ರಕಟಿಸಿದರು. ಅದು ಸುಮಾರು 9,500 ವರ್ಷಗಳಷ್ಟು ಹಳೆಯದು. ಮನುಷ್ಯನ ಅಸ್ಥಿಪಂಜರದಿಂದ ಮೊಳದಷ್ಟೂ ದೂರವಿಲ್ಲದೆ ಎಂಟು ತಿಂಗಳ ಬೆಕ್ಕೊಂದನ್ನು ಅಲ್ಲಿ ಮಲಗಿಸಿದ್ದರು. ಆ ದ್ವೀಪದಲ್ಲಿ ಬೆಕ್ಕು ಸಹಜವಾಗಿ ಇರಲಿಲ್ಲವಾದ್ದರಿಂದ ಯಾರೋ ದೋಣಿಯಲ್ಲಿ ಹಾಕಿಕೊಂಡು ಬಂದಿದ್ದಿರಬೇಕು. ಇಂದಿನ ಸಾಕುಬೆಕ್ಕುಗಳೆಲ್ಲ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಕಾಡುಬೆಕ್ಕಿನ ಸಂತತಿ ಎಂಬುದನ್ನು 2007ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ತೋರಿಸಿಕೊಟ್ಟಿತು. ಮನುಷ್ಯ ಧಾನ್ಯ ಕೂಡಿಟ್ಟ. ಧಾನ್ಯಕ್ಕೆ ಇಲಿ ಬಂದಿತು. ಇಲಿಗೆ ಬೆಕ್ಕು ಬಂದಿತು. ಅದನ್ನು ನಾವು ಹಿಡಿದು ಪಳಗಿಸಿದೆವು ಎನ್ನುವುದಕ್ಕಿಂತ, ತನ್ನ ಪ್ರಯೋಜನ ನೋಡಿಕೊಂಡು ಅದು ನಮ್ಮ ಹೊಸ್ತಿಲು ದಾಟಿತು ಎನ್ನುವುದು ಸತ್ಯಕ್ಕೆ ಹತ್ತಿರ.

ನಾಯಿಯ ಕಥೆ ಬೇರೆ. ಅದರ ಪೂರ್ವಜರಾದ ತೋಳಗಳು ಕೂಡಿ ಬೇಟೆಯಾಡಿದವು, ಕೂಡಿ ಮರಿ ಸಾಕಿದವು. ಹೀಗಾಗಿ ಒಡೆಯನ ಮುನಿಸನ್ನು ಕಂಡು ಬಾಲ ಮುದುರಿ, ಹೊಟ್ಟೆ ತೋರಿಸಿ, ರಾಜಿ ಮಾಡಿಕೊಳ್ಳುವ ವಿದ್ಯೆ ನಾಯಿಗೆ ಹುಟ್ಟಿನಿಂದ ಬಂದಿದೆ. ಬೆಕ್ಕು ಒಂಟಿ ಬೇಟೆಗಾರ. ತಿಂಡಿ ಹೇರಳವಾಗಿರುವ ಕಡೆ ನಾಲ್ಕು ಬೆಕ್ಕುಗಳು ಒಟ್ಟಿಗೆ ಇದ್ದಾವು. ಆದರೆ ಬೇಟೆಗೆ ಹೊರಟಾಗ ಅದಕ್ಕೆ ಸಂಗಾತಿ ಇಲ್ಲ, ಗಾಯವಾದರೆ ಆರೈಕೆ ಮಾಡುವವರಿಲ್ಲ. ಆದ್ದರಿಂದ ಅಪಾಯ ಬಂದಾಗ ಅದಕ್ಕೆ ತಿಳಿದ ಮೊದಲ ನೀತಿ ತಪ್ಪಿಸಿಕೊಳ್ಳುವುದು, ತಪ್ಪಿಸಿಕೊಳ್ಳಲಾಗದಿದ್ದರೆ ಎದುರಿಸುವುದು. ಕ್ಷಮೆ ಬೇಡುವುದಾಗಲಿ, ದಂಡನೆಯನ್ನು ನ್ಯಾಯವೆಂದು ಒಪ್ಪುವುದಾಗಲಿ ಅದರ ಪರಂಪರೆಯಲ್ಲಿಲ್ಲ. ನೀವು ಕೋಲೆತ್ತಿದಾಗ ನಿಮ್ಮ ಮನಸ್ಸಿನಲ್ಲಿ ನ್ಯಾಯಾಧೀಶನಿರುತ್ತಾನೆ. ಬೆಕ್ಕಿನ ಕಣ್ಣಿಗೆ ಕಾಣುವುದು ತನಗಿಂತ ಹದಿನೈದು ಪಟ್ಟು ತೂಕದ ಒಂದು ಮೃಗ.

ಹಾಗಾದರೆ ಬೆಕ್ಕು ಏನನ್ನೂ ಕಲಿಯುವುದಿಲ್ಲವೇ? ಕಲಿಯುತ್ತದೆ, ಬಹಳ ಚೆನ್ನಾಗಿ ಕಲಿಯುತ್ತದೆ. ನಮ್ಮ ನಾಡಿನಲ್ಲಿ ಮಕ್ಕಳಿಗೂ ತಿಳಿದ ತೆನ್ನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನೇ ನೆನೆದುಕೊಳ್ಳಿ. ಬೆಕ್ಕು ಸಾಕಲೆಂದು ಕೃಷ್ಣದೇವರಾಯ ಕೊಟ್ಟ ಹಸುವಿನ ಹಾಲು ಬೆಕ್ಕಿನ ಪಾಲಾಗಬಾರದೆಂದು ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಅದರ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲಿನ ಬಟ್ಟಲನ್ನು ಕಂಡರೆ ಓಟ ಕೀಳುತ್ತಿತ್ತು. ಕಥೆಯನ್ನು ಕೇಳಿ ನಾವು ನಗುತ್ತೇವೆ. ಆದರೆ ಅದರೊಳಗಿನ ಮನಶ್ಶಾಸ್ತ್ರ ಗಂಭೀರವಾದದ್ದು. ನೋವು ಆ ಕ್ಷಣದಲ್ಲಿ ಎದುರಿಗಿದ್ದ ವಸ್ತುವಿಗೆ ಅಂಟಿಕೊಳ್ಳುತ್ತದೆ. ರಾಮಕೃಷ್ಣ ಎದುರಿಗೆ ಇಟ್ಟದ್ದು ಹಾಲು. ನೋವು ಹಾಲಿಗೆ ಅಂಟಿತು. ನಾವು ಹೊಡೆಯುವಾಗ ಎದುರಿಗೆ ಇರುವವರು ನಾವೇ. ನೋವು ನಮಗೆ ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಹೊಡೆತ ತಿಂದ ಬೆಕ್ಕು ಹಾಲು ಕದಿಯುವುದನ್ನು ಬಿಡುವುದಿಲ್ಲ, ನೀವಿರುವಾಗ ಕದಿಯುವುದನ್ನು ಮಾತ್ರ ಬಿಡುತ್ತದೆ. ಅದನ್ನು ನಾವು ಕಳ್ಳತನವೆಂದು ಕರೆಯುತ್ತೇವೆ. ಅದಕ್ಕೆ ಗುರುಗಳು ನಾವೇ.

ಕಲಿಕೆಯ ಇನ್ನೊಂದು ಮುಖವನ್ನು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ತಮ್ಮ ಪ್ರಯೋಗಗಳಲ್ಲಿ ತೋರಿಸಿಕೊಟ್ಟರು. ಹಸಿದ ಬೆಕ್ಕನ್ನು ಮರದ ಪಟ್ಟಿಗಳ ಪೆಟ್ಟಿಗೆಯಲ್ಲಿಟ್ಟು, ಹೊರಗೆ ತಿಂಡಿ ಇಡುತ್ತಿದ್ದರು. ಒಳಗಿರುವ ದಾರದ ಕುಣಿಕೆಯನ್ನು ಎಳೆದರೆ ಬಾಗಿಲು ತೆರೆಯುತ್ತಿತ್ತು. ಮೊದಲು ಬೆಕ್ಕು ಪರಚಿತು, ಕಚ್ಚಿತು, ಸಂದಿಯಲ್ಲಿ ನುಸುಳಲು ಹೆಣಗಿತು. ಆಕಸ್ಮಿಕವಾಗಿ ಕುಣಿಕೆ ಸಿಕ್ಕಿತು. ಮತ್ತೆ ಮತ್ತೆ ಒಳಗಿಟ್ಟಾಗ ನಿಷ್ಫಲವಾದ ಚೇಷ್ಟೆಗಳು ಮೆಲ್ಲಮೆಲ್ಲನೆ ಉದುರಿ, ಫಲ ಕೊಟ್ಟ ಕ್ರಿಯೆಯೊಂದೇ ನಿಂತಿತು. ಒಳ್ಳೆಯ ಫಲ ಯಾವ ಕ್ರಿಯೆಯ ಬೆನ್ನಿಗೇ ಬರುತ್ತದೆಯೋ ಆ ಕ್ರಿಯೆ ನೆಲೆಗೊಳ್ಳುತ್ತದೆ ಎಂಬುದು ಅವರು ಕಂಡ ನಿಯಮ. ‘ಬೆನ್ನಿಗೇ’ ಎಂಬ ಮಾತು ಇಲ್ಲಿ ಮುಖ್ಯ. ಮಧ್ಯಾಹ್ನ ಚೆಲ್ಲಿದ ಹಾಲಿಗೆ ಸಂಜೆ ಕಚೇರಿಯಿಂದ ಬಂದು ಗದರಿದರೆ ಬೆಕ್ಕು ಹಾಲನ್ನೂ ಗದರಿಕೆಯನ್ನೂ ಹೊಂದಿಸಿಕೊಳ್ಳಲಾರದು. ಯಜಮಾನರು ಮನೆಗೆ ಬರುವುದೇ ಒಂದು ವಿಪತ್ತು ಎಂದಷ್ಟೆ ತಿಳಿಯುತ್ತದೆ. ಹೊಲಸಿಗೆ ಮೂಗು ತಿಕ್ಕುವ ಪದ್ಧತಿಯೂ ಇಂಥದೇ ವ್ಯರ್ಥ ಕ್ರೌರ್ಯ.

ಇನ್ನು ಕುತ್ತಿಗೆಯ ಚರ್ಮ ಹಿಡಿದು ಎತ್ತಿ ಅಲುಗಿಸುವವರಿದ್ದಾರೆ. ‘ತಾಯಿಬೆಕ್ಕು ಹೀಗೆಯೇ ಹಿಡಿಯುವುದಿಲ್ಲವೇ?’ ಎಂದು ಅವರ ಸಮರ್ಥನೆ. ಶ್ರೀವೈಷ್ಣವ ಆಚಾರ್ಯರು ಪ್ರಪತ್ತಿಯನ್ನು ವಿವರಿಸುವಾಗ ಬಳಸುವ ಮಾರ್ಜಾಲಕಿಶೋರನ್ಯಾಯ ನಿಮಗೆ ಗೊತ್ತಿದೆ. ಕೋತಿಯ ಮರಿ ತಾಯಿಯನ್ನು ತಾನೇ ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿ ತಾಯಿಯ ಬಾಯಿಗೆ ತನ್ನನ್ನು ಒಪ್ಪಿಸಿ ಸುಮ್ಮನಾಗುತ್ತದೆ. ಆ ದೃಷ್ಟಾಂತದಲ್ಲಿ ಸೂಕ್ಷ್ಮವೊಂದಿದೆ. ತಾಯಿ ಮರಿಯನ್ನು ಕಚ್ಚಿ ಎತ್ತುವುದು ಸುರಕ್ಷಿತವಾದ ಎಡೆಗೆ ಒಯ್ಯುವುದಕ್ಕೆ, ದಂಡಿಸುವುದಕ್ಕಲ್ಲ. ಮೇಲಾಗಿ, ಎಳೆಯ ಮರಿಯ ಹಗುರ ಶರೀರಕ್ಕೆ ಒಪ್ಪುವ ಹಿಡಿತ ನಾಲ್ಕು ಕಿಲೋ ತೂಗುವ ಬೆಳೆದ ಬೆಕ್ಕಿಗೆ ನೋವನ್ನೂ ಗಾಬರಿಯನ್ನೂ ತರುತ್ತದೆ. ಅದು ಮಿಸುಕದೆ ಇದ್ದರೆ ಶರಣಾಗತಿಯೆಂದು ತಿಳಿಯಬೇಡಿ. ಭಯದಿಂದ ಮರಗಟ್ಟಿದೆ ಎಂದು ತಿಳಿಯಿರಿ.

ಹೊಡೆಯುವುದು ಬೇಡವೆಂದರೆ ಮಾಡಬೇಕಾದ್ದೇನು? ಮೊದಲು ‘ಅಪರಾಧ’ವೆಂದು ನಾವು ಕರೆಯುವುದು ಬೆಕ್ಕಿನ ಪಾಲಿಗೆ ಏನು ಎಂದು ವಿಚಾರಿಸಬೇಕು. ಪರಚುವುದನ್ನೇ ತೆಗೆದುಕೊಳ್ಳಿ. ಉಗುರಿನ ಮೇಲಿನ ಹಳೆಯ ಪೊರೆ ಕಳಚಲು, ಬೆನ್ನುಭುಜಗಳನ್ನು ನೀಡಿ ಮೈಮುರಿಯಲು, ಕಾಲ್ಬೆರಳ ನಡುವಿನ ಗ್ರಂಥಿಗಳಿಂದ ತನ್ನ ವಾಸನೆಯ ಗುರುತು ಬಿಡಲು ಬೆಕ್ಕು ಪರಚಲೇಬೇಕು. ಬೇಡವೆಂದರೆ ನಿಲ್ಲುವ ಕೆಲಸ ಅದಲ್ಲ. ಎಲ್ಲಿ ಎಂಬುದನ್ನು ಮಾತ್ರ ಬದಲಿಸಬಹುದು. ಒಂದು ಗಟ್ಟಿ ಮರದ ತುಂಡಿಗೆ ಗೋಣಿತಟ್ಟನ್ನೋ ತೆಂಗಿನ ನಾರಿನ ಹಗ್ಗವನ್ನೋ ಬಿಗಿಯಾಗಿ ಸುತ್ತಿ, ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಮೈಚಾಚುವಷ್ಟು ಎತ್ತರವಾಗಿ, ಅಲುಗದಂತೆ ನಿಲ್ಲಿಸಿ. ಕೋಣೆಯ ಮೂಲೆಯಲ್ಲಿ ಅಡಗಿಸಬೇಡಿ. ಅದು ಕೆಡಿಸುತ್ತಿರುವ ಕುರ್ಚಿಯ ಮಗ್ಗುಲಿಗೇ ಇಡಿ. ಅದನ್ನು ಪರಚಿದ ಕ್ಷಣವೇ ಒಂದು ತುಣುಕು ಮೀನನ್ನೋ ಅದಕ್ಕೆ ಪ್ರಿಯವಾದ ಬೇರೆ ತಿನಿಸನ್ನೋ ಕೊಡಿ. ಕುರ್ಚಿಗೆ ಕೆಲವು ದಿನ ನುಣುಪಾದ ದಪ್ಪ ಬಟ್ಟೆ ಹೊದಿಸಿ. ಬೆಕ್ಕಿನ ಉಗುರುಗಳನ್ನೇ ಶಸ್ತ್ರಕ್ರಿಯೆಯಿಂದ ತೆಗೆಸುವ ಪದ್ಧತಿ ಕೆಲವು ದೇಶಗಳಲ್ಲಿತ್ತು. ಅದರಲ್ಲಿ ಬೆರಳಿನ ತುದಿಯ ಮೂಳೆಯೇ ಹೋಗುತ್ತದೆ. ಅನೇಕ ರಾಷ್ಟ್ರಗಳು ಅದನ್ನು ನಿಷೇಧಿಸಿವೆ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನ 2019ರಲ್ಲಿ ನಿಷೇಧಿಸಿತು. ಗೋಣಿತಟ್ಟು ಮಾಡುವ ಕೆಲಸಕ್ಕೆ ಕತ್ತಿ ಏಕೆ?

ಹಾಲುಮೊಸರಿನ ಕಳ್ಳತನಕ್ಕೆ ನಮ್ಮ ಅಜ್ಜಿಯರು ಕಂಡುಕೊಂಡ ಉಪಾಯಕ್ಕಿಂತ ಮೇಲಾದದ್ದು ನನಗೆ ತಿಳಿಯದು: ಅದೇ ನೆಲವು. ತೊಲೆಗೆ ತೂಗುಬಿಟ್ಟ ಆ ಹಗ್ಗದ ಜಾಲದಲ್ಲಿ ಮೊಸರಿನ ಗಡಿಗೆ ನಿಶ್ಚಿಂತೆಯಿಂದಿರುತ್ತಿತ್ತು. ಬೆಕ್ಕಿನ ಸ್ವಭಾವವನ್ನು ತಿದ್ದುವ ಹುಚ್ಚಿಗೆ ಅವರು ಹೋಗಲಿಲ್ಲ, ಗಡಿಗೆಯ ಜಾಗವನ್ನು ಬದಲಿಸಿದರು. ಇಂದಿನ ಅಡಿಗೆಮನೆಯಲ್ಲಿ ನೆಲವಿಲ್ಲ. ಬಿಗಿಯಾದ ಮುಚ್ಚಳವೂ ಚಿಲಕವಿರುವ ಕಪಾಟೂ ಆ ಕೆಲಸವನ್ನೇ ಮಾಡುತ್ತವೆ. ಇದರೊಡನೆ ಇನ್ನೊಂದು ಮಾತು. ಬೆಕ್ಕು ಹುಟ್ಟು ಮಾಂಸಾಹಾರಿ. ಹಾಲನ್ನದಿಂದ ಮಾತ್ರ ಅದರ ದೇಹ ನಡೆಯದು. ಟಾರಿನ್ ಎಂಬ ಸತ್ತ್ವವನ್ನು ಅದು ಮಾಂಸದಿಂದಲೇ ಪಡೆಯಬೇಕು. ಅದರ ಕೊರತೆಯಾದರೆ ಕಣ್ಣೂ ಹೃದಯವೂ ಕೆಡುತ್ತವೆ. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಸರಿಯಾಗಿ ಜೀರ್ಣವಾಗುವುದೂ ಇಲ್ಲ. ಶಾಕಾಹಾರಿಗಳ ಮನೆಯಲ್ಲಿ ಬೆಕ್ಕು ಕದಿಯುತ್ತದೆಂದರೆ ಅದು ದುರ್ಬುದ್ಧಿಯಾಗಿರದೆ ಹಸಿವೆಯೂ ಆಗಿರಬಹುದು.

ಮನೆಯೊಳಗೆ ಹೊಲಸು ಮಾಡುವುದಂತೂ ಬೆಕ್ಕಿಗೆ ಹೊಡೆತ ತರುವ ಅತಿದೊಡ್ಡ ಕಾರಣ. ಸಹಜವಾಗಿ ಬೆಕ್ಕು ಶುಚಿಪ್ರಿಯ. ಮಣ್ಣು ಕೆರೆದು, ಮುಚ್ಚಿ ಹೋಗುವ ಪ್ರಾಣಿ. ಅದು ಈ ನಿಯಮ ಮುರಿಯಿತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಮರಳಿನ ತಟ್ಟೆ ಕೊಳೆಯಾಗಿರಬಹುದು, ಊಟದ ಬಟ್ಟಲಿನ ಪಕ್ಕದಲ್ಲೇ ಇರಬಹುದು, ಗದ್ದಲದ ಎಡೆಯಲ್ಲಿರಬಹುದು. ಎಷ್ಟು ಬೆಕ್ಕುಗಳೋ ಅದಕ್ಕಿಂತ ಒಂದು ಹೆಚ್ಚು ತಟ್ಟೆ ಇರಬೇಕೆಂಬುದು ಪಶುವೈದ್ಯರು ಹೇಳುವ ಲೆಕ್ಕ. ಗಂಡುಬೆಕ್ಕು ಗೋಡೆಗೆ ಮೂತ್ರ ಸಿಡಿಸುವುದು ಬಹುಮಟ್ಟಿಗೆ ಗಡಿ ಗುರುತಿಸುವ ಕ್ರಿಯೆ; ಸಂತಾನಹರಣದ ಶಸ್ತ್ರಕ್ರಿಯೆ ಮಾಡಿಸಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಆದರೆ ಬೆಕ್ಕು ಮತ್ತೆ ಮತ್ತೆ ಕುಳಿತು, ತಿಣುಕಿ, ಹನಿಯೂ ಬಾರದೆ ಕೂಗುತ್ತಿದ್ದರೆ ಅದು ಮೂತ್ರನಾಳ ಕಟ್ಟಿಕೊಂಡ ಲಕ್ಷಣ. ಗಂಡುಬೆಕ್ಕಿಗೆ ಇದು ಒಂದೆರಡು ದಿನಗಳಲ್ಲಿ ಪ್ರಾಣವನ್ನೇ ತೆಗೆಯಬಲ್ಲದು. ಕೋಲನ್ನು ಹುಡುಕಬೇಡಿ, ಒಡನೆಯೇ ಪಶುವೈದ್ಯರಲ್ಲಿಗೆ ಒಯ್ಯಿರಿ. ರೋಗಕ್ಕೆ ಹೊಡೆತ ತಿಂದು ಸತ್ತ ಬೆಕ್ಕುಗಳು ಎಷ್ಟಿವೆಯೋ ಲೆಕ್ಕವಿಟ್ಟವರಿಲ್ಲ.

ಸವರುತ್ತಿದ್ದಾಗ ತಟ್ಟನೆ ಕಚ್ಚುವ ಬೆಕ್ಕನ್ನು ‘ಮೋಸಗಾರ’ ಎನ್ನುತ್ತೇವೆ. ಮೋಸವೇನೂ ಇಲ್ಲ, ಅದು ಮೊದಲೇ ಹೇಳಿರುತ್ತದೆ, ನಾವು ಕೇಳಿರುವುದಿಲ್ಲ. ಬಾಲದ ತುದಿ ಬಡಿಯತೊಡಗುವುದು, ಕಿವಿಗಳು ಪಕ್ಕಕ್ಕೆ ತಿರುಗುವುದು, ಬೆನ್ನಿನ ಚರ್ಮ ಅಲೆಯಂತೆ ಕಂಪಿಸುವುದು, ಇವು ‘ಇನ್ನು ಸಾಕು’ ಎಂಬ ಮಾತುಗಳು. ಕಿಟಕಿಯಾಚೆ ಬೇರೊಂದು ಬೆಕ್ಕನ್ನು ಕಂಡು ಕೆರಳಿ, ಅದು ಕೈಗೆ ಸಿಗದೆ, ಪಕ್ಕದಲ್ಲಿರುವ ನಿಮ್ಮ ಕಾಲನ್ನು ಕಚ್ಚುವುದೂ ಉಂಟು. ಆಗ ಗಾದೆಯ ಅತ್ತೆ ಕಿಟಕಿಯಾಚೆಯ ಬೆಕ್ಕು, ಕೊತ್ತಿ ನೀವು! ಅಂಥ ಹೊತ್ತಿನಲ್ಲಿ ಮುಟ್ಟದೆ, ಕೋಣೆಯ ಬೆಳಕು ಕಡಿಮೆ ಮಾಡಿ, ಗಂಟೆಗಟ್ಟಲೆಯಾದರೂ ಸರಿಯೆ, ತಣಿಯಲು ಬಿಡಬೇಕು. ಕಚ್ಚಿದ, ಪರಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಹುಚ್ಚುನಾಯಿಯ ರೋಗ ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕಿಗೂ ಅದರ ಲಸಿಕೆ ಹಾಕಿಸಬೇಕು.

ಗದರಲೇ ಬಾರದೇ ಎಂದು ನೀವು ಕೇಳಬಹುದು. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳ ಆಚೆಯ ಶಬ್ದ ಕೇಳಿಸದು; ಬೆಕ್ಕಿಗೆ 60,000 ಮೀರಿದ್ದೂ ಕೇಳಿಸುತ್ತದೆ. ಇಂಥ ಕಿವಿಗೆ ಅಬ್ಬರ ಬೇಡ. ಮೇಜಿಗೆ ನೆಗೆಯುವ ಮುನ್ನ ತಗ್ಗಿದ ದನಿಯಲ್ಲಿ ಒಂದೇ ಬಗೆಯಾಗಿ ‘ಬೇಡ’ ಎಂದು, ಅದರ ಗಮನವನ್ನು ಬೇರೆಡೆಗೆ ಸೆಳೆದು, ಅಲ್ಲಿಗೆ ಹೋದೊಡನೆ ಮೆಚ್ಚುಗೆ ತೋರಿಸಿದರೆ ಸಾಕು. ನೀರು ಚಿಮುಕಿಸುವುದು ಹೊಡೆತವಲ್ಲವಾದರೂ ಅದರ ಫಲವೂ ಅದೇ. ನೀರನ್ನು ಯಾರು ಹಿಡಿದಿದ್ದಾರೆಂದು ಬೆಕ್ಕು ನೋಡಿಕೊಳ್ಳುತ್ತದೆ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ವಿಶ್ವಾಸ ಮುರಿದದ್ದಾಗಿದೆ, ಮತ್ತೆ ಕೂಡೀತೇ? ಮಹಾಭಾರತದ ಶಾಂತಿಪರ್ವದಲ್ಲಿ ಪೂಜನಿ ಎಂಬ ಹಕ್ಕಿಯ ಕಥೆ ಬರುತ್ತದೆ. ಕಾಂಪಿಲ್ಯದ ಬ್ರಹ್ಮದತ್ತನ ಅರಮನೆಯಲ್ಲಿ ಬಹುಕಾಲ ಬಾಳಿದ ಹಕ್ಕಿ ಅದು. ರಾಜಕುಮಾರ ಅದರ ಮರಿಯನ್ನು ಕೊಂದ. ಅದು ಅವನ ಕಣ್ಣು ಕಿತ್ತಿತು. ‘ಲೆಕ್ಕ ಸಮವಾಯಿತು, ಇಲ್ಲಿಯೇ ಇರು’ ಎಂದು ರಾಜ ಬಗೆಬಗೆಯಾಗಿ ವಾದಿಸಿದ. ಪೂಜನಿ ಒಪ್ಪಲಿಲ್ಲ, ಹಾರಿಹೋಯಿತು. ಅದರ ನಿರ್ಧಾರದಲ್ಲಿ ವಿವೇಕವಿದೆ. ಆದರೆ ಬ್ರಹ್ಮದತ್ತ ಬಳಸಿದ್ದು ಮಾತನ್ನು ಮಾತ್ರ ಎಂಬುದನ್ನೂ ಗಮನಿಸಬೇಕು. ಬೆಕ್ಕಿನ ಮುಂದೆ ವಾದ ನಡೆಯದು, ಕ್ಷಮಾಯಾಚನೆ ನಡೆಯದು, ಒಂದೇ ದಿನ ರಾಶಿ ಹಾಕಿದ ಮೀನೂ ನಡೆಯದು. ನಡೆಯುವುದು ನಡತೆಯೊಂದೇ, ಅದೂ ದಿನದಿನವೂ ಒಂದೇ ಬಗೆಯಾದ ನಡತೆ. ಅದನ್ನು ಕೊಟ್ಟವರಿಗೆ ಬೆಕ್ಕು ಪೂಜನಿಗಿಂತ ಉದಾರಿ.

ಮೊದಲನೆಯದಾಗಿ, ಬೆನ್ನಟ್ಟಬಾರದು. ಮಂಚದ ಕೆಳಗೆ ಅಡಗಿದ ಬೆಕ್ಕನ್ನು ಎಳೆದು ಮುದ್ದಿಸುವುದು, ಅದರ ಲೆಕ್ಕದಲ್ಲಿ, ಮತ್ತೊಂದು ಹಲ್ಲೆ. ಆ ಎಡೆ ಅದರ ಕೋಟೆಯಾಗಿರಲಿ. ನೀರು, ಆಹಾರ, ಮರಳಿನ ತಟ್ಟೆ ಹತ್ತಿರದಲ್ಲಿರಲಿ. ಎರಡನೆಯದಾಗಿ, ಒಬ್ಬರೇ, ಒಂದೇ ಹೊತ್ತಿಗೆ, ಆಹಾರ ಇಟ್ಟು ದೂರ ಸರಿಯಬೇಕು. ಮೂರನೆಯದಾಗಿ, ದಿನಕ್ಕೆ ಸ್ವಲ್ಪ ಹೊತ್ತು ಆ ಕೋಣೆಯಲ್ಲಿ ನೆಲದ ಮೇಲೆ, ಅದಕ್ಕೆ ಪಕ್ಕ ತಿರುಗಿ, ಪುಸ್ತಕವೋ ಪತ್ರಿಕೆಯೋ ಓದುತ್ತ ಸುಮ್ಮನೆ ಕೂಡಬೇಕು. ಓದುವ ಹವ್ಯಾಸವುಳ್ಳವರಿಗೆ ಇದು ಕಷ್ಟದ ವ್ರತವಲ್ಲ. ಮೆಲುದನಿಯಲ್ಲಿ ಹೆಸರು ಹಿಡಿದು ಮಾತನಾಡಿಸಬಹುದು. ಅಪರಿಚಿತರ ದನಿಗಳ ನಡುವೆ ತನ್ನ ಯಜಮಾನರ ದನಿಯನ್ನು ಬೆಕ್ಕು ಗುರುತಿಸುತ್ತದೆ ಎಂಬುದನ್ನು 2013ರಲ್ಲೂ, ತನ್ನ ಹೆಸರನ್ನು ಅಂಥದೇ ಬೇರೆ ಶಬ್ದಗಳಿಂದ ಬೇರ್ಪಡಿಸಬಲ್ಲದು ಎಂಬುದನ್ನು 2019ರಲ್ಲೂ ಜಪಾನಿನ ಸಂಶೋಧಕರು ತೋರಿಸಿದರು. ಗುರುತಿಸಿಯೂ ಓಗೊಡದಿರುವುದು ಬೇರೆ ಮಾತು.

ನಾಲ್ಕನೆಯದು ಕಣ್ಣಿನ ವಿಷಯ. ದಿಟ್ಟಿಸಿ ನೋಡುವುದು ಬೆಕ್ಕಿನ ಲೋಕದಲ್ಲಿ ಬೆದರಿಕೆ. ಕಣ್ಣನ್ನು ಅರೆಮುಚ್ಚಿ, ನಿಧಾನವಾಗಿ ಮುಚ್ಚಿ, ನಿಧಾನವಾಗಿ ತೆರೆಯುವುದು ಸ್ನೇಹದ ಸಂಜ್ಞೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಹೀಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳು ಹೆಚ್ಚಾಗಿ ಮರುಮಿಟುಕಿಸಿದವು. ಹೊಸಬರೇ ಆದರೂ ಅವರು ಚಾಚಿದ ಕೈಯ ಬಳಿಗೆ ಹೆಚ್ಚಾಗಿ ಬಂದವು. ‘ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ’ ಎಂದು ಅದರ ಕಣ್ಣುಮುಚ್ಚಾಟವನ್ನು ಹೀಗಳೆದ ನಾವು, ಅದೇ ಕಣ್ಣುಮುಚ್ಚಾಟವನ್ನು ಅದರಿಂದ ಕಲಿಯಬೇಕಾಗಿ ಬಂದಿದೆ.

ಐದನೆಯದಾಗಿ, ಅದು ತಾನಾಗಿ ಹತ್ತಿರ ಬಂದಾಗ ತಲೆಯ ಮೇಲಿನಿಂದ ಕೈ ಇಳಿಸದೆ, ಮೂಗಿನ ಮಟ್ಟದಲ್ಲಿ ಒಂದು ಬೆರಳನ್ನು ಚಾಚಬೇಕು. ಮೂಸಿ, ಕೆನ್ನೆ ತಿಕ್ಕಿದರೆ ಕೆನ್ನೆಯನ್ನೂ ಗಲ್ಲವನ್ನೂ ಮೆಲ್ಲಗೆ ಕೆರೆಯಬಹುದು. ಹೊಟ್ಟೆಯ ಗೊಡವೆ ಬೇಡ. ಅದು ಸಾಕೆನ್ನುವ ಮೊದಲೇ ನಾವು ಕೈ ತೆಗೆಯಬೇಕು. ಹೋಗಬೇಕೆನಿಸಿದಾಗ ಹೋಗಬಹುದು ಎಂಬ ಭರವಸೆಯಿದ್ದರೆ ಮಾತ್ರ ಬೆಕ್ಕು ಬರುತ್ತದೆ. ಈ ಒಂದು ಮಾತಿನಲ್ಲಿ ಉಳಿದೆಲ್ಲ ಅಡಕವಾಗಿದೆ.

ಬೇರೊಂದು ಮನೆಯಲ್ಲಿ ಪೊರಕೆಯೇಟು ತಿಂದು ನಮ್ಮ ಮನೆಗೆ ಬಂದ ಬೂದು ಬಣ್ಣದ ಬೆಕ್ಕೊಂದರ ಉದಾಹರಣೆ ಇಲ್ಲಿ ಸಲ್ಲುತ್ತದೆ. ಪೊರಕೆಯ ಸದ್ದಾದರೆ ಅದು ಬೀರುವಿನ ಹಿಂದೆ ಸೇರಿ ಅರ್ಧ ದಿನ ಹೊರಬರುತ್ತಿರಲಿಲ್ಲ. ನನ್ನ ಶ್ರೀಮತಿ ಅದು ಹೊರಗೆ ಹೋದ ಸಮಯ ನೋಡಿ ಕಸ ಗುಡಿಸತೊಡಗಿದರು. ಹಳೆಯ ಪೊರಕೆಯೊಂದನ್ನು ಅದರ ಊಟದ ತಟ್ಟೆಯಿಂದ ಹತ್ತು ಹೆಜ್ಜೆಯಾಚೆ ನೆಲದ ಮೇಲೆ ಮಲಗಿಸಿಟ್ಟರು. ಬೆಕ್ಕು ಮೊದಲ ದಿನ ಊಟ ಮುಟ್ಟಲಿಲ್ಲ. ಪೊರಕೆ ಇನ್ನೂ ಹಿಂದೆ ಸರಿಯಿತು. ಅದು ನಿರಾಳವಾಗಿ ಉಂಡ ಮೇಲೆಯೇ ಪೊರಕೆ ಒಂದು ಗೇಣು ಮುಂದೆ ಬರುತ್ತಿತ್ತು. ಏಳನೆಯ ವಾರದಲ್ಲಿ ಬೆಕ್ಕು ಪೊರಕೆಯ ಹಿಡಿಗೆ ಕೆನ್ನೆ ತಿಕ್ಕಿತು. ಆದರೂ ಪೊರಕೆಯನ್ನು ಮೇಲೆತ್ತಿದರೆ ಅದು ಕೊನೆಯವರೆಗೂ ಹಿಂದಕ್ಕೆ ಸರಿಯುತ್ತಿತ್ತು. ನೆಲದ ಮೇಲಿನ ಪೊರಕೆಯನ್ನು ಅದು ಕ್ಷಮಿಸಿತು. ಎತ್ತಿದ ಪೊರಕೆಯನ್ನು ಕ್ಷಮಿಸಲಿಲ್ಲ. ಗಳಿಸಿಕೊಂಡ ವಿಶ್ವಾಸಕ್ಕೂ ಒಂದು ಎಲ್ಲೆಯಿರುತ್ತದೆ, ಅದನ್ನು ಗೌರವಿಸಬೇಕು.

ಎಷ್ಟು ಕಾಲ ಬೇಕೆಂಬುದಕ್ಕೆ ಒಂದೇ ಅಳತೆಯಿಲ್ಲ. ಒಮ್ಮೆ ಬೆಚ್ಚಿದ್ದು ಕೆಲವೇ ದಿನಗಳಲ್ಲಿ ಮರೆಯಬಹುದು. ಬಹುಕಾಲದ ಹಿಂಸೆ ಮಾಯಲು ತಿಂಗಳುಗಳೇ ಹಿಡಿಯಬಹುದು. ಮರಿಯಾಗಿದ್ದಾಗ, ಎರಡರಿಂದ ಏಳನೆಯ ವಾರದೊಳಗೆ, ಮನುಷ್ಯರ ಮೃದುವಾದ ಸ್ಪರ್ಶವನ್ನು ಕಂಡ ಬೆಕ್ಕು ಬೇಗ ತಿರುಗಿ ಬರುತ್ತದೆ. ಕಾಣದಿದ್ದುದಕ್ಕೆ ಹೆಚ್ಚು ತಾಳ್ಮೆ ಬೇಕು. ಆದರೆ ಬೆಕ್ಕಿಗೆ ಮನೆಯ ಮೇಲಷ್ಟೆ ಪ್ರೀತಿ, ಮನುಷ್ಯರ ಮೇಲಿಲ್ಲ ಎಂಬ ಹಳೆಯ ಮಾತನ್ನು ನಂಬಿ ನಿರಾಶರಾಗಬೇಕಾಗಿಲ್ಲ. ಅಮೆರಿಕದ ಆರೆಗಾನ್ ಸಂಸ್ಥಾನದ ವಿಶ್ವವಿದ್ಯಾಲಯದಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೊಸ ಕೋಣೆಯಲ್ಲಿ ಕೊಂಚ ಹೊತ್ತು ಒಂಟಿಯಾಗಿ ಬಿಟ್ಟ ಬೆಕ್ಕಿನ ಮರಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಸಾಕಿದವರು ಒಳಗೆ ಬಂದೊಡನೆ ನೆಮ್ಮದಿಗೊಂಡು ಮತ್ತೆ ಆಟಕ್ಕಿಳಿದವು. ಅವುಗಳಿಗೆ ಸಾಕಿದವರ ಸಾನ್ನಿಧ್ಯವೇ ಒಂದು ಧೈರ್ಯವಾಗಿತ್ತು.

ಆ ಧೈರ್ಯವೇ ನಾವು ಬೆಕ್ಕಿಗೆ ಕೊಡಬಹುದಾದ ಶಿಕ್ಷಣದ ಬಂಡವಾಳ. ಅದಿದ್ದರೆ ಬೆಕ್ಕು ಗೋಣಿತಟ್ಟಿನಲ್ಲಿ ಪರಚಲು ಕಲಿಯುತ್ತದೆ, ಮರಳಿನ ತಟ್ಟೆಗೆ ಹೋಗಲು ಕಲಿಯುತ್ತದೆ, ಕರೆದಾಗ, ಹತ್ತರಲ್ಲಿ ಆರು ಸಲವಾದರೂ, ಬರಲು ಕಲಿಯುತ್ತದೆ. ಅದಿಲ್ಲದಿದ್ದರೆ ಅಡಗಿಕೊಳ್ಳಲು ಮಾತ್ರ ಕಲಿಯುತ್ತದೆ. ಆದ್ದರಿಂದ ನಾಳೆ ಬೆಳಿಗ್ಗೆ ಅಡಿಗೆಮನೆಯಲ್ಲಿ ಪಾತ್ರೆ ಉರುಳಿದ ಸದ್ದು ಕೇಳಿ ನೀವು ಧಾವಿಸಿದಾಗ, ಬೆಕ್ಕು ಮೀಸೆ ಒರೆಸಿಕೊಳ್ಳುತ್ತಿದ್ದರೆ, ಮೊದಲು ನೆಲ ಒರೆಸಿ. ಆಮೇಲೆ ಆ ಪಾತ್ರೆಗೆ ಸರಿಯಾದ ಮುಚ್ಚಳವೊಂದನ್ನು ಹುಡುಕಿ.

(ಬಾನುಲಿ ಭಾಷಣದ ಬರಹರೂಪ)